ಕೊಟ್ಟ ವಿದ್ಯೆ ಯಾರ ಕೈಯಲ್ಲಿ ಉಳಿಯಬೇಕು?


*ಇಂದಿನ ಚಿಂತನೆ: ದಾನ ಮತ್ತು ಸಮತೆ*

ಧಮ್ಮ ಬಂಧುಗಳೇ,

ದಾನ ಎಂದರೆ ನಮಗೆ ಮೊದಲು ನೆನಪಾಗುವುದು ಅನ್ನ, ಬಟ್ಟೆ, ಹಣ. ಈಗ ಇನ್ನೊಂದು ಬಗೆಯ ದಾನ ನಮ್ಮ ಕಡೆಗೂ ಬಂದಿದೆ. ವಕೀಲರು, ಆಡಿಟರುಗಳು, ಎಂಜಿನಿಯರುಗಳು, ಕಂಪನಿಗಳ ಕಂಪ್ಯೂಟರ್ ಕಲಿತ ಹುಡುಗರು ತಮ್ಮ ಕಸುಬಿನ ವಿದ್ಯೆಯನ್ನೇ ಶುಲ್ಕವಿಲ್ಲದೆ ಕೇರಿಯ ಸಂಘಗಳಿಗೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಇದನ್ನು ಹೇಗೆ ಕೊಡಬೇಕು, ಹೇಗೆ ತೆಗೆದುಕೊಳ್ಳಬೇಕು? ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ಬಂದು ನಮ್ಮ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟರು. ಬ್ಯಾನರ್ ಕಟ್ಟಿದರು, ಫೋಟೋ ತೆಗೆಸಿಕೊಂಡರು, ಹೋದರು. ಪಾಸ್‌ವರ್ಡ್ ಅವರ ಹತ್ತಿರವೇ ಉಳಿಯಿತು. ವರ್ಷ ತುಂಬುವುದರೊಳಗೆ ವೆಬ್‌ಸೈಟ್ ತೆರೆಯುವುದೇ ನಿಂತುಹೋಯಿತು. ಸಭೆಯಲ್ಲಿ ನಾನು ಅವರನ್ನು ಚೆನ್ನಾಗಿಯೇ ಟೀಕಿಸಿದೆ.

ಆದರೆ ನಾನೇನು ಮಾಡುತ್ತಿದ್ದೆ? ಹನ್ನೊಂದು ವರ್ಷ ಸಂಘದ ಅರ್ಜಿ, ನಡಾವಳಿ, ಜಮಾ-ಖರ್ಚು ಎಲ್ಲವನ್ನೂ ನಾನೊಬ್ಬನೇ ಬರೆದೆ. "ಮೇಷ್ಟ್ರು ಇದಾರಲ್ಲ" ಎಂದು ಜನ ಅಂದಾಗ ಒಳಗೊಳಗೇ ಖುಷಿಪಟ್ಟೆ. ಹೋದ ವರ್ಷ ನಮ್ಮ ಮನೆಯವರ ಆಪರೇಷನ್‌ಗೆಂದು ಎರಡು ತಿಂಗಳು ಬೆಂಗಳೂರಿನಲ್ಲಿದ್ದೆ. ಆಗಲೇ ಸಮುದಾಯ ಭವನದ ಅನುದಾನಕ್ಕೆ ಅರ್ಜಿ ಕರೆದರು. ಜೊತೆಗೆ ಮೂರು ವರ್ಷದ ಆಡಿಟ್ ಆದ ಲೆಕ್ಕ ಬೇಕಿತ್ತು. ಪುಸ್ತಕಗಳು ನನ್ನ ಮನೆಯ ಬೀರುವಿನಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ಕಡೆಯ ದಿನ ದಾಟಿತು.

ವಾಪಸು ಬಂದಾಗ ಯಾರೂ ಬೈಯಲಿಲ್ಲ. ಎಣ್ಣೆ ಮಿಲ್ಲಿನಲ್ಲಿ ಬಿಲ್ ಬರೆಯುವ ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಮಾತ್ರ ಅಂದಳು: "ಮೇಷ್ಟ್ರೇ, ನೀವು ನಮಗೆ ಬರ್ಕೊಟ್ರಿ. ಬರೆಯೋದು ಹೇಳ್ಕೊಡ್ಲಿಲ್ಲ."

ಪಾಠ ಹೇಳುವುದೇ ಕಸುಬಾದವನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಕಂಪನಿಯವರು ಪಾಸ್‌ವರ್ಡ್ ಇಟ್ಟುಕೊಂಡಿದ್ದರು. ನಾನು ಬೀಗದ ಕೈ ಇಟ್ಟುಕೊಂಡಿದ್ದೆ.

ಆಮೇಲೆ ಚಳ್ಳಕೆರೆಯ ಒಬ್ಬ ಆಡಿಟರ್ ಬಳಿ ಹೋದೆವು. ಶುಲ್ಕ ಬೇಡ ಎಂದರು, ಆದರೆ ಒಂದು ಷರತ್ತು ಹಾಕಿದರು. ಸಂಘದ ಇಬ್ಬರು ನಾಲ್ಕು ಭಾನುವಾರ ಅವರ ಆಫೀಸಿಗೆ ಬರಬೇಕು, ಕ್ಯಾಷ್ ಬುಕ್ ತಾವೇ ಬರೆಯಬೇಕು. "ನಾನು ಬರೆಯೋಲ್ಲ, ತಪ್ಪಿದ್ರೆ ತೋರಿಸ್ತೀನಿ" ಎಂದರು. ಪುಕ್ಕಟೆ ಕೊಡುವವರಿಗೆ ಇದೆಂಥ ಬಿಗುಮಾನ ಎಂದು ಮೊದಲು ನನಗೆ ಸಿಟ್ಟೇ ಬಂತು. ಹೋಗಿ ನೋಡಿದರೆ, ಮೇಜಿನ ಆಚೆ ಅಲ್ಲ, ತಮ್ಮ ಪಕ್ಕದಲ್ಲೇ ಎರಡು ಕುರ್ಚಿ ಹಾಕಿಸಿದ್ದರು. ನಮ್ಮ ಜನಕ್ಕೆ ಕುರ್ಚಿ ಎಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕನೆಯ ಭಾನುವಾರದ ಹೊತ್ತಿಗೆ ಆ ಹೆಣ್ಣುಮಗಳು ವೋಚರು, ರಸೀತಿ ಜೋಡಿಸಿ ಲೆಕ್ಕ ತಾಳೆ ಮಾಡುತ್ತಿದ್ದಳು. ಆಡಿಟರ್ ಬಿಟ್ಟುಕೊಟ್ಟ ಶುಲ್ಕವನ್ನು ಸಂಘ ನಡಾವಳಿಯಲ್ಲಿ ದೇಣಿಗೆ ಎಂದು ದಾಖಲಿಸಿತು. ಕೃತಜ್ಞತೆಗೆ ಅಷ್ಟು ಸಾಕು, ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಬಾಬಾಸಾಹೇಬರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತಿತ್ತು. 1924ರ ಜುಲೈನಲ್ಲಿ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಹೆಸರಾಂತ ವಕೀಲ ಸರ್ ಚಿಮಣ್‌ಲಾಲ್ ಸೆಟಲ್ವಾಡ್ ಅಧ್ಯಕ್ಷರಾದರು. ಹೊರಗಿನವರ ವಿದ್ಯೆ, ವರ್ಚಸ್ಸು ಬೇಡವೆಂದು ಅವರು ಹೇಳಲಿಲ್ಲ. ಆದರೆ ವ್ಯವಸ್ಥಾಪಕ ಸಮಿತಿಯ ಅಧ್ಯಕ್ಷತೆ ಬಾಬಾಸಾಹೇಬರದೇ ಆಗಿತ್ತು.

1932ರಲ್ಲಿ ಹುಟ್ಟಿದ ಸಂಸ್ಥೆ, ಮುಂದೆ ಹರಿಜನ ಸೇವಕ ಸಂಘ ಎನಿಸಿಕೊಂಡಿದ್ದು, ಬೇರೆ ತರಹದ್ದು. ಅಧ್ಯಕ್ಷರು ಉದ್ಯಮಿ ಘನಶ್ಯಾಮದಾಸ್ ಬಿರ್ಲಾ. ಕಾರ್ಯದರ್ಶಿ ಎ.ವಿ. ಠಕ್ಕರ್, ಎಂಜಿನಿಯರ್ ಕೆಲಸ ಬಿಟ್ಟು ಸೇವೆಗೆ ಬಂದವರು. ಹಣವೂ ಇತ್ತು, ವಿದ್ಯೆಯೂ ಇತ್ತು. ಬಾಬಾಸಾಹೇಬರೂ ಮೊದಲು ಅದರ ಕೇಂದ್ರ ಮಂಡಳಿಯಲ್ಲಿದ್ದರು. ನಾಗರಿಕ ಹಕ್ಕಿನ ಹೋರಾಟ ಮೊದಲಾಗಲಿ, ಕೆಲಸಗಾರರು ಅಸ್ಪೃಶ್ಯರ ನಡುವಿನಿಂದಲೇ ಬರಲಿ ಎಂದು ಆ ವರ್ಷದ ನವೆಂಬರಿನಲ್ಲಿ ಠಕ್ಕರ್ ಅವರಿಗೆ ಪತ್ರ ಬರೆದರು. ಹಾಗಾಗಲಿಲ್ಲ, ಹೊರಬಂದರು. ಇದು ಸವರ್ಣೀಯರ ಪ್ರಾಯಶ್ಚಿತ್ತ, ಆದ್ದರಿಂದ ಆಡಳಿತವೂ ಅವರದೇ ಎಂಬುದು ಗಾಂಧೀಜಿಯವರ ವಾದವಾಗಿತ್ತು. ಕೊಡುವವನ ಮನಸ್ಸಿನ ಶುದ್ಧಿಗಾಗಿ ಕೊಟ್ಟರೆ ಪಡೆಯುವವನು ಎಂದೆಂದಿಗೂ ಪಡೆಯುವವನಾಗಿಯೇ ಉಳಿಯುತ್ತಾನೆ.

ನೀವು ಕೇಳಬಹುದು: ಎಲ್ಲರೂ ಎಲ್ಲ ವಿದ್ಯೆ ಕಲಿಯಲು ಆದೀತೇ? ಆಗುವುದಿಲ್ಲ. ಮಹಾಡದ ಕೆರೆಯ ಮೊಕದ್ದಮೆ 1927ರಲ್ಲಿ ಶುರುವಾಗಿ 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಮುಗಿಯಿತು. ಕೆರೆಗೆ ನಡೆದುಹೋದ ಜನ ಯಾರೂ ಕಾನೂನು ಓದಬೇಕಾಗಿರಲಿಲ್ಲ. ಆದರೆ ಕೆರೆಗೆ ಹೋಗುವ ತೀರ್ಮಾನ ಅವರದಾಗಿತ್ತು. ವಿದ್ಯೆ ಪರಿಣತರದ್ದಿರಬಹುದು, ತೀರ್ಮಾನ, ಕಾಗದಪತ್ರ, ಬೀಗದ ಕೈ ನಮ್ಮವೇ ಇರಬೇಕು.

1956ರ ಮೇ ತಿಂಗಳಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತನಾಡುತ್ತ ಬಾಬಾಸಾಹೇಬರು, ಬೌದ್ಧ ಧಮ್ಮ ತಮಗೇಕೆ ಇಷ್ಟ ಎಂಬುದಕ್ಕೆ ಮೂರು ತತ್ವಗಳನ್ನು ಹೇಳಿದರು: ಪ್ರಜ್ಞೆ, ಕರುಣೆ, ಸಮತೆ. ಮೂರೂ ಒಟ್ಟಿಗೆ ಸಿಗುವುದು ಇಲ್ಲಿಯೇ ಎಂದರು. ವಿದ್ಯೆ ಪ್ರಜ್ಞೆಯಾದರೆ, ಅದನ್ನು ಶುಲ್ಕವಿಲ್ಲದೆ ಕೊಡುವುದು ಕರುಣೆ. ನಾನು ಹನ್ನೊಂದು ವರ್ಷ ಇವೆರಡರಲ್ಲೇ ನಿಂತಿದ್ದೆ. ಪಕ್ಕದಲ್ಲಿ ಕುರ್ಚಿ ಹಾಕುವ ಸಮತೆ ನನಗೆ ಹೊಳೆದಿರಲಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇನೆ. ಅಲ್ಲಿ ಅಶೋಕನ ಶಾಸನವಿದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಲ್ಲರು ಎಂಬುದು ಅದರ ಸಾರ. ಬರೆದವನು ಚಪಡ. ಕೊನೆಯಲ್ಲಿ ಹೆಸರು ಹಾಕಿ, ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕಾಲ ಕಳೆದಂತೆ ಬ್ರಾಹ್ಮಿಯನ್ನು ಓದುವವರೂ ಇಲ್ಲವಾದರು. 1837ರ ಹೊತ್ತಿಗೆ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ, 1892ರಲ್ಲಿ ಬಿ.ಎಲ್. ರೈಸ್ ಈ ಶಾಸನವನ್ನು ಬೆಳಕಿಗೆ ತಂದ. ಅಲ್ಲಿಯವರೆಗೆ ಸುತ್ತಲ ಜನಕ್ಕೆ ಅದು ಬರೀ 'ಅಕ್ಷರಗುಂಡು'. ಅಕ್ಷರ ಇದೆ ಎಂದು ಗೊತ್ತಿತ್ತು, ಸಣ್ಣವರಿಗಾಗಿ ಏನು ಬರೆದಿದೆ ಎಂದು ಗೊತ್ತಿರಲಿಲ್ಲ.

ಹೇಳಿಕೊಡದ ವಿದ್ಯೆಯ ಗತಿ ಇದೇ. ಜನ ಗೌರವ ಕೊಡುತ್ತಾರೆ, ಉಪಯೋಗಕ್ಕೆ ಬರುವುದಿಲ್ಲ. ನಾನೂ ನಮ್ಮ ಕೇರಿಯ ಅಕ್ಷರಗುಂಡಾಗಿದ್ದೆ.

*ಇಂದಿನ ಅಭ್ಯಾಸ:* ಸಂಘದಲ್ಲಿ, ಮನೆಯಲ್ಲಿ ನೀವೊಬ್ಬರೇ ಮಾಡುತ್ತಿರುವ ಕೆಲಸ ಯಾವುದು? ಈ ವಾರ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಅವರ ಕೈಯಿಂದ ಮಾಡಿಸಿ. ತಪ್ಪಾದರೆ ಆಗಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏