ಸುಳ್ಳಾಗಿ ಹೇಳಿದ ಹೊಟ್ಟೆನೋವು

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಭಾದ್ರಪದ ಶುದ್ಧ ನವಮಿ ಶ್ರೀ ಜಗನ್ನಾಥದಾಸರ ಆರಾಧನಾ ದಿನ. ದಾಸರು ಹರಿಪಾದವನ್ನು ಸೇರಿದ್ದು 1809ರಲ್ಲಿ. ಶ್ರೀರಂಗಪಟ್ಟಣದ ಬ್ರಿಟಿಷ್ ಸೈನ್ಯವು ಹಲಸೂರಿನ ಬಳಿಗೆ ಬಂದು ನಮ್ಮ ಈ ದಂಡು ಪ್ರದೇಶ ನೆಲೆಗೊಂಡದ್ದೂ ಅದೇ ಕಾಲದಲ್ಲಿ. ಆ ದಂಡಿನ ಆಳ್ವಿಕೆ ಮುಗಿದು ಹೋಯಿತು. ದಾಸರ ಹರಿಕಥಾಮೃತಸಾರವಾದರೋ ಇಂದಿಗೂ ಮನೆಮನೆಯ ಪಾರಾಯಣ ಗ್ರಂಥವಾಗಿ ಉಳಿದಿದೆ. ಭಾಮಿನೀ ಷಟ್ಪದಿಯ 32 ಸಂಧಿಗಳ ಈ ಮಹಾಕೃತಿಯ ಹಿಂದೆ ಒಂದು ಹೊಟ್ಟೆನೋವಿನ ಕಥೆಯಿದೆ. ಅದನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೆ ಅದು ನಮ್ಮ ಕಥೆಯೂ ಹೌದೇ ಎಂದು ವಿಚಾರ ಮಾಡಿದವರು ವಿರಳ.

ಮಾನವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನ ಪಂಡಿತರು. ಶ್ರೀ ವರದೇಂದ್ರತೀರ್ಥರಲ್ಲಿ ಅಧ್ಯಯನ ಮಾಡಿದವರು. ಕನ್ನಡದಲ್ಲಿ ಹಾಡುತ್ತ ಊರೂರು ಸಂಚರಿಸುವ ದಾಸರ ವಿಷಯದಲ್ಲಿ ಅವರಿಗೆ ಅನಾದರವಿತ್ತು. ಶ್ರೀ ವಿಜಯದಾಸರು ಆ ಪ್ರಾಂತಕ್ಕೆ ಬಂದು ಸಮಾರಾಧನೆಗೆ ಆಹ್ವಾನಿಸಿದಾಗ, ಆಚಾರ್ಯರು ಉದರವ್ಯಾಧಿಯ ನೆಪವನ್ನು ಹೇಳಿ ತಪ್ಪಿಸಿಕೊಂಡರೆಂದು ಸಂಪ್ರದಾಯ. ಸುಳ್ಳಾಗಿ ಹೇಳಿದ ಆ ನೋವು ಕೆಲಕಾಲದಲ್ಲೇ ನಿಜವಾಗಿ ಬಂದಿತು. ಔಷಧಗಳು ಫಲಿಸಲಿಲ್ಲ, ಪಾಂಡಿತ್ಯವೂ ನೆರವಿಗೆ ಬರಲಿಲ್ಲ. ಕೊನೆಗೆ ಅವರು ವಿಜಯದಾಸರಿಗೇ ಶರಣಾದರು. ವಿಜಯದಾಸರು ತಮ್ಮ ಶಿಷ್ಯರಾದ ಉತ್ತನೂರಿನ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ‘ಭಕ್ತಿಯಲ್ಲಿ ಭಾಗಣ್ಣ’ ಎಂದು ಪ್ರಸಿದ್ಧರಾದ ಆ ಮಹಾನುಭಾವರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರು. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು.

ಈ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ‘ಬರಲಾರೆ’ ಎಂದು ನೇರವಾಗಿ ಹೇಳಲು ಆಚಾರ್ಯರಿಗೆ ಸಂಕೋಚ. ಹೋಗಿ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅಭಿಮಾನ ಬಿಡದು. ಎರಡರ ನಡುವೆ ಅವರು ತಮ್ಮ ದೇಹವನ್ನೇ ಸುಳ್ಳುಸಾಕ್ಷಿಗೆ ಎಳೆದರು. ಅಹಂಕಾರವು ತಾನು ಬಾಗದಿರಲು ದೇಹವನ್ನು ಮುಂದೊಡ್ಡುತ್ತದೆ. ಆ ಭಾರವನ್ನು ಹೊರುವುದು ದೇಹವೇ.

ನಮ್ಮ ಮನೆಗಳನ್ನೇ ನೋಡೋಣ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಹತ್ತಾರು ಜನರಿಗೆ ಆಜ್ಞೆ ಕೊಟ್ಟು ನಿವೃತ್ತರಾದ ಹಿರಿಯರು. ಮಂಡಿ ಸವೆದಿದೆ, ವೈದ್ಯರು ನೆಲದ ಮೇಲೆ ಕೂರಬೇಡಿರೆಂದಿದ್ದಾರೆ. ತೀರ್ಥಪ್ರಸಾದದ ದಿನ ಸೊಸೆ ಕುರ್ಚಿಯನ್ನು ತಂದಿಟ್ಟರೆ, ‘ನನಗೇನಾಗಿದೆ?’ ಎಂದು ನೆಲಕ್ಕೇ ಕುಳಿತುಬಿಡುತ್ತಾರೆ. ಏಳುವಾಗ ನೀಡಿದ ಕೈಯನ್ನು ಹಿಡಿಯುವುದಿಲ್ಲ. ಅಂದಿನ ರಾತ್ರಿಯೆಲ್ಲ ನರಳಾಟ. ಇನ್ನೊಂದು ಮನೆಯಲ್ಲಿ ಅಣ್ಣತಮ್ಮಂದಿರು ಮಾತುಬಿಟ್ಟು ವರ್ಷಗಳಾಗಿವೆ. ತಂದೆಯ ಶ್ರಾದ್ಧದಲ್ಲಿ ಎದುರುಬದುರು ಕುಳಿತಾಗ ಇಬ್ಬರ ದವಡೆಯೂ ಬಿಗಿದಿರುತ್ತದೆ, ಸಂಜೆಗೆ ಇಬ್ಬರಿಗೂ ತಲೆಶೂಲೆ.

ಇದು ಬರಿಯ ನೀತಿಮಾತಲ್ಲ. ರೋಷಾವಮಾನಗಳನ್ನು ಮನಸ್ಸು ಬಿಡದೆ ಹಿಡಿದಾಗ ಶರೀರವು ಯುದ್ಧಸನ್ನದ್ಧವಾದಂತೆ ಇರುತ್ತದೆಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಕುತ್ತಿಗೆ ಹೆಗಲುಗಳ ಸ್ನಾಯುಗಳು ಸೆಟೆಯುತ್ತವೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ, ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟವನಿಗೆ ಇದ್ದ ನೋವೇ ಇಮ್ಮಡಿಯಾಗಿ ತೋರುತ್ತದೆ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತಾರಾಷ್ಟ್ರೀಯ ಸಂಘವು 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ಲಕ್ಷಣದಂತೆ, ನೋವು ಇಂದ್ರಿಯದ ಅನುಭವ ಮಾತ್ರವಲ್ಲ, ಭಾವದ ಅನುಭವವೂ ಹೌದು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ನೋವೆಲ್ಲವೂ ಅಹಂಕಾರದ ಫಲವೆಂದು ಯಾರೂ ಭಾವಿಸಬಾರದು. ಹಾಸಿಗೆ ಹಿಡಿದ ತಾಯಿಯನ್ನು ನೋಡಿ ‘ಅವರ ಹಟವೇ ಅವರನ್ನು ಕೆಡಿಸಿತು’ ಎನ್ನುವ ನಾಲಿಗೆಯಲ್ಲಿ ಇರುವುದೇ ಅಹಂಕಾರ. ಆಯುರ್ದಾನ ಮಾಡಿದ ಗೋಪಾಲದಾಸರು ಸುಮಾರು ನಲವತ್ತರ ವಯಸ್ಸಿನಲ್ಲೇ, 1762ರಲ್ಲಿ, ಹರಿಪಾದ ಸೇರಿದರು. ಅವರಲ್ಲಿ ಯಾವ ಗರ್ವವಿತ್ತು? ಸುಖದುಃಖಗಳನ್ನು ನೇರವಾಗಿ ಅರಿಯುವುದು ಜೀವನ ಸಾಕ್ಷಿಯೆಂದೂ, ಸಾಕ್ಷಿಯ ಅರಿವು ಸುಳ್ಳಾಗದೆಂದೂ ನಮ್ಮ ಸಿದ್ಧಾಂತ. ಆದ್ದರಿಂದ ‘ನೋವಾಗುತ್ತಿದೆ’ ಎಂಬ ಇನ್ನೊಬ್ಬರ ಮಾತನ್ನು ಅಲ್ಲಗಳೆಯಲು ಹೊರಗಿನವರಾದ ನಮಗೆ ಆಧಾರವಿಲ್ಲ. ನೋವುಂಡವನ ಮಾತನ್ನು ಗೌರವಿಸಬೇಕೆಂದು ಮೇಲೆ ಹೇಳಿದ ಸಂಘವೂ 2020ರಲ್ಲಿ ಸ್ಪಷ್ಟಪಡಿಸಿದೆ. ಪರೀಕ್ಷೆಯನ್ನು ನಮ್ಮ ಮೇಲೆ ನಾವು ಮಾಡಿಕೊಳ್ಳಬೇಕೇ ಹೊರತು ಪರರ ಮೇಲಲ್ಲ.

ಹಾಗಾದರೆ ‘ನಾನು’ ಎಂಬುದನ್ನೇ ಅಳಿಸಬೇಕೆ? ಶ್ರೀಮದಾಚಾರ್ಯರು ಹಾಗೆ ಹೇಳಲಿಲ್ಲ. ‘ನಾನು’ ಎಂದು ತೋರುವ ಜೀವನು ಸತ್ಯ; ಮುಕ್ತಿಯಲ್ಲಿಯೂ ಅವನು ಅಳಿಯುವುದಿಲ್ಲ. ‘ನಾನೇ ಸ್ವತಂತ್ರ ಕರ್ತೃ’ ಎಂಬ ಭ್ರಾಂತಿ ಮಾತ್ರ ಮಿಥ್ಯೆ. ಕಾರ್ಯವೊಂದಕ್ಕೆ ಐದು ಕಾರಣಗಳನ್ನು ಹೇಳುವ ಗೀತೆಯ 18ನೆಯ ಅಧ್ಯಾಯವು ತಾನೊಬ್ಬನೇ ಮಾಡಿದೆನೆಂಬುವನನ್ನು ದುರ್ಮತಿಯೆನ್ನುತ್ತದೆ. ಸ್ವತಂತ್ರನು ಶ್ರೀಹರಿಯೊಬ್ಬನೇ ಎಂದು ನಿಶ್ಚಯಿಸಿದವನಿಗೆ ಇನ್ನೊಬ್ಬರ ಕೈ ಹಿಡಿದು ಏಳುವುದರಲ್ಲಿ ಅವಮಾನವೆಲ್ಲಿ? ಆ ಕೈಯ ಒಳಗಿದ್ದು ಎತ್ತುವವನೂ ಅವನೇ ಅಲ್ಲವೇ?

ಸಜ್ಜನರೇ, ಈ ಆರಾಧನೆಯಂದು ಒಂದು ಚಿಕ್ಕ ಸಂಕಲ್ಪವನ್ನು ಮಾಡೋಣ. ನೋವಿದ್ದರೆ ಮುಚ್ಚಿಡದೆ ಮನೆಯವರಲ್ಲಿ ಹೇಳೋಣ, ವೈದ್ಯರಿಗೆ ತೋರಿಸೋಣ. ಔಷಧವೂ ಧನ್ವಂತರಿಯ ಪ್ರಸಾದವೇ. ಕುರ್ಚಿ ಬೇಕಾದವರು ಕುರ್ಚಿಯಲ್ಲಿ ಕುಳಿತೇ ಪಾರಾಯಣ ಮಾಡಲಿ. ತಪ್ಪಿಸಿಕೊಂಡು ಬಂದ ಆಹ್ವಾನವೊಂದಿದ್ದರೆ ಈ ಬಾರಿ ಹೋಗಿ ಬರೋಣ. ಶ್ರೀನಿವಾಸಾಚಾರ್ಯರು ಅಂದು ಬಿಟ್ಟ ಪಂಕ್ತಿ ಅಂಥದೇ ಒಂದು ಊಟದ ಪಂಕ್ತಿಯಾಗಿತ್ತು. ನೋವು ಪೂರ್ತಿ ಹೋಗದೆ ಇರಬಹುದು. ಅದನ್ನು ಒಬ್ಬಂಟಿಯಾಗಿ ಹೊರುವುದಂತೂ ತಪ್ಪುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥