ಇಂದಿನ ಧಮ್ಮ ಚಿಂತನೆ: ಹೆಸರಿರುವ ಇಲಿ, ಹೆಸರಿಲ್ಲದ ಇಲಿ



ಹೋದ ವಾರ ಒಂಬತ್ತನೇ ತರಗತಿಗೆ ಗಾದೆ ವಿಸ್ತರಣೆ ಹೇಳಿಕೊಡುತ್ತಿದ್ದೆ. 'ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.' ದೊಡ್ಡ ಶ್ರಮ, ಸಣ್ಣ ಫಲ ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ನಮ್ಮವ್ವನಿಗೆ ಅದು ಗಾದೆಯಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಬೇರೆಯವರ ಗದ್ದೆಯ ಬದುಗಳಲ್ಲಿ ಬಿಲ ಹುಡುಕಿ, ಹಾರೆಯಲ್ಲಿ ಅಗೆದು, ಇಲಿ ಕೂಡಿಟ್ಟ ತೆನೆಗಳನ್ನು ಮಡಿಲಿಗೆ ತುಂಬಿಕೊಂಡು ಬರುತ್ತಿದ್ದಳು. ಇಲಿ ಸಿಕ್ಕರೆ ಅದೂ ಸಾರಾಗುತ್ತಿತ್ತು. ಶಾಲೆಯಲ್ಲಿ ನನ್ನನ್ನು 'ಇಲಿ ತಿನ್ನೋನು' ಎಂದು ಹಂಗಿಸುತ್ತಿದ್ದುದು ಅದಕ್ಕೇ. ಈ ಬಳಗದಲ್ಲಿ ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ನಿಮ್ಮಲ್ಲಿ ಕೆಲವರ ಮನೆಯ ಕಥೆಯೂ ಇದೇ.

ಅಂಥ ಮನೆಗೆ ಕಳೆದ ಜೂನ್‌ನಲ್ಲಿ ನಮ್ಮ ಮಗಳು ಎರಡು ಬಿಳಿ ಇಲಿ ತಂದಳು. ಗೆಳತಿಯ ತಂದೆಗೆ ವರ್ಗವಾಗಿತ್ತು, ಸಾಕುವವರಿರಲಿಲ್ಲ. ಎರಡೂ ಹೆಣ್ಣು. ಬೆಳ್ಳಿ, ಅರಳೆ ಎಂದು ಹೆಸರಿಟ್ಟಳು. (ಪರಿಚಯದ ಒಬ್ಬರು "ಏನ್ ಮೇಷ್ಟ್ರೇ, ಗಣಪತಿ ವಾಹನ ಸಾಕ್ತಿದೀರಂತೆ?" ಎಂದು ಕಾಲೆಳೆದರು. ಮೂರನೇ ಪ್ರತಿಜ್ಞೆ ಗಣಪತಿಯನ್ನು ಕುರಿತದ್ದು ಸ್ವಾಮೀ, ಇಲಿಯನ್ನು ಕುರಿತದ್ದಲ್ಲ!)

ಸಾಕುವುದು ಎಂದರೆ ಕಾಳು ಹಾಕುವುದು ಎಂದುಕೊಂಡಿದ್ದೆ. ಮೊದಲ ತಪ್ಪು ಮರದ ಹೊಟ್ಟು. ಪಂಜರದ ತಳಕ್ಕೆ ಅದನ್ನೇ ಹರಡಿದ್ದೆ. ಹದಿನೈದು ದಿನಕ್ಕೆ ಅರಳೆ ಸೀನತೊಡಗಿತು. ಕಣ್ಣಿನ ಸುತ್ತ, ಮೂಗಿನ ಬಳಿ ಕೆಂಪು. ರಕ್ತವೆಂದು ಮಗಳು ಅತ್ತಳು. ಅದು ರಕ್ತವಲ್ಲ, ಇಲಿಯ ಕಣ್ಣೀರಿನಲ್ಲೇ ಇರುವ ಕೆಂಪು ಬಣ್ಣ, ಕಾಯಿಲೆಯಾದಾಗ ಅಥವಾ ಹೆದರಿದಾಗ ಹೆಚ್ಚಾಗಿ ಹೊರಬರುತ್ತದೆ ಎಂದು ಆಮೇಲೆ ತಿಳಿಯಿತು. ಇಲಿಯ ಶ್ವಾಸಕೋಶ ಬಹಳ ಸೂಕ್ಷ್ಮ. ಹೊಟ್ಟಿನ ಧೂಳು, ಮೂತ್ರದ ಘಾಟು ಎರಡೂ ಅದಕ್ಕೆ ಆಗದು. ಹೊಟ್ಟು ತೆಗೆದು ಹಳೆಯ ಹತ್ತಿ ಬಟ್ಟೆ, ಕಾಗದದ ಚೂರು ಹಾಸಿದೆವು. ಪಶುವೈದ್ಯರೊಬ್ಬರು "ಇಲಿಗೆಲ್ಲ ಯಾರು ಔಷಧಿ ಕೊಡ್ತಾರ್ರೀ" ಎಂದು ನಕ್ಕು ಕಳಿಸಿದರು, ಇನ್ನೊಬ್ಬರು ನೋಡಿದರು.

ಇಲಿ ಒಂಟಿಯಾಗಿ ಇರಲಾರದು, ಕೊರಗುತ್ತದೆ. ಅದಕ್ಕೇ ಎರಡಾದರೂ ಬೇಕು. ಆದರೆ ಗಂಡು ಹೆಣ್ಣು ಒಟ್ಟಿಗಿಟ್ಟರೆ ಮೂರು ವಾರಕ್ಕೊಂದು ಸೂಲು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವುದರಿಂದ ಕಡಿಯಲು ಗಟ್ಟಿಯಾದದ್ದು ಏನಾದರೂ ಕೊಡಬೇಕು. ಇಲಿ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲಾರದು, ಬೇಸಿಗೆಯಲ್ಲಿ ತಂಪಾದ ಮೂಲೆ ಬೇಕು. ಇಷ್ಟೆಲ್ಲ ಮಾಡಿದರೂ ಅದರ ಆಯುಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ.

ಪಂಜರ ತೊಳೆಯುವುದು ಯಾರು? ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ಎರಡು ತಿಂಗಳು ಮಗಳು ಆಡಿಸಿದಳು, ನಾನು ಫೋಟೊ ತೆಗೆದೆ, ತೊಳೆದದ್ದು ನನ್ನ ಹೆಂಡತಿ. ಒಂದು ದಿನ ಅವ್ವ ಅದನ್ನು ನೋಡಿ ಸಿಟ್ಟಾದಳು. "ನಿಮ್ಮ ತಾತ ಊರ ಗಲೀಜು ಬಾಚಿ ಬಾಚಿ ಬೆನ್ನು ಬಗ್ಗಿಸ್ಕಂಡು ಸತ್ತ. ನೀನು ಓದಿ ಮೇಷ್ಟ್ರಾದೆ. ಈಗ ಮನೆ ಒಳಗೇ ಇಲಿ ಹಿಕ್ಕೆ ಬಾಚುಸ್ತಿದ್ದೀಯಲ್ಲ ಮಗಾ!"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ವಿನಯಪಿಟಕದ ಮಹಾವಗ್ಗದ ಒಂದು ಪ್ರಸಂಗ ತೆಗೆದು ಓದಿದೆ. ಭಗವಾನರು ಆನಂದನ ಜೊತೆ ಭಿಕ್ಖುಗಳ ವಸತಿಗಳನ್ನು ನೋಡುತ್ತಾ ಬರುತ್ತಾರೆ. ಹೊಟ್ಟೆನೋವು, ಭೇದಿಯಿಂದ ನರಳುತ್ತಾ ಒಬ್ಬ ಭಿಕ್ಖು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದಾನೆ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳುತ್ತಾರೆ. ಇಲ್ಲ ಭಂತೆ, ನನ್ನಿಂದ ಉಳಿದವರಿಗೆ ಏನೂ ಉಪಯೋಗವಿಲ್ಲ, ಅದಕ್ಕೆ ಯಾರೂ ನೋಡುವುದಿಲ್ಲ ಎನ್ನುತ್ತಾನೆ. ಭಗವಾನರು ಉಪದೇಶ ಮಾಡಲಿಲ್ಲ. ಆನಂದನಿಂದ ನೀರು ತರಿಸಿದರು. ತಾವು ನೀರು ಹಾಕಿದರು, ಆನಂದ ತೊಳೆದ. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆಯೇ ಸಂಘವನ್ನು ಕರೆದು ಕೇಳಿದ್ದು. ರೋಗಿಯನ್ನು ನೋಡಿಕೊಳ್ಳುವವನಿಗೆ ಇರಬೇಕಾದ ಗುಣಗಳನ್ನು ಅಲ್ಲಿಯೇ ಹೇಳಲಾಗಿದೆ. ಅದರಲ್ಲೊಂದು, ಮಲ ಮೂತ್ರ ಎತ್ತಲು ಹೇಸದಿರುವುದು.

ಗಮನಿಸಿ ಬಂಧುಗಳೇ. ತಾತನ ಕೈಗೆ ಬುಟ್ಟಿ ಕೊಟ್ಟದ್ದು ಹುಟ್ಟು. ಇಲ್ಲಿ ಆ ಕೆಲಸವನ್ನು ಶಾಕ್ಯಕುಲದಲ್ಲಿ ಹುಟ್ಟಿದವರು ತಾವೇ ಮಾಡುತ್ತಿದ್ದಾರೆ. ಯಾರಿಗೂ ಹೇಳಿ ಮಾಡಿಸಲಿಲ್ಲ. ಅವ್ವನ ಸಿಟ್ಟಿನಲ್ಲಿದ್ದ ನ್ಯಾಯ ಆಗ ಹೊಳೆಯಿತು. ತಪ್ಪು ಹಿಕ್ಕೆ ಬಾಚುವುದರಲ್ಲಿಲ್ಲ, 'ಬಾಚಿಸು'ವುದರಲ್ಲಿದೆ. ಮಾರನೆಯ ದಿನದಿಂದ ಬುಧವಾರ ನಾನು, ಭಾನುವಾರ ಮಗಳು. ಹೆಂಡತಿಗೆ ರಜೆ.

ಇನ್ನೊಂದು ಸಂಗತಿಯನ್ನು ಹೇಳುವುದು ಕಷ್ಟ. ಹೇಳದಿದ್ದರೆ ಈ ಚಿಂತನೆ ಸುಳ್ಳಾಗುತ್ತದೆ.

ನವೆಂಬರಿನಲ್ಲಿ ಅಡುಗೆಮನೆಗೆ ಹೊರಗಿನ ಇಲಿ ಬರತೊಡಗಿತು. ಅಕ್ಕಿ ಚೀಲ ಕಡಿದಿತ್ತು. ಅಂಗಡಿಯಿಂದ ಗಮ್ ಬೋರ್ಡ್ ತಂದು ಸಿಲಿಂಡರ್ ಹಿಂದೆ ಇಟ್ಟೆ. ನಡುರಾತ್ರಿ ಚೀರಾಟ. ಹೊಟ್ಟೆಯವರೆಗೆ ಅಂಟಿಕೊಂಡು, ಕಾಲು ಕಿತ್ತುಕೊಳ್ಳಲು ಒದ್ದಾಡುತ್ತಿತ್ತು. ಮಗಳು ಎದ್ದು ಬಂದಳು. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಅಡುಗೆ ಎಣ್ಣೆ ಸುರಿದು ಒಂದೊಂದೇ ಕಾಲು ಬಿಡಿಸಿದಳು. ಬೆಳಗಾಗುವಷ್ಟರಲ್ಲಿ ಅದು ಸತ್ತಿತು. ಆಗ ಕೇಳಿದಳು: "ಅಪ್ಪಾ, ಬಿಳೀದಕ್ಕೆ ಸೌತೆಕಾಯಿ, ಇದಕ್ಕೆ ಗಮ್ಮಾ? ಇದು ಬೇರೆ ಜಾತಿನಾ?"

ಪಂಜರದ ಬಿಳಿ ಇಲಿ ಮೂಲತಃ ಚರಂಡಿಯಲ್ಲಿ ಓಡಾಡುವ ಕಂದು ಇಲಿಯ ವಂಶವೇ. 19ನೇ ಶತಮಾನದಲ್ಲಿ ಯುರೋಪಿನಲ್ಲಿ ಅದನ್ನೇ ಹಿಡಿದು, ಬಿಳಿ ಮರಿಗಳನ್ನು ಆರಿಸಿ ಸಾಕಿದರು. ಜಾತಿ ಎಂಬ ಮಾತನ್ನು ಮಗಳು ನನ್ನ ಮುಂದೆ ಆಡಿದ್ದು ಜೀವಶಾಸ್ತ್ರದ ಅರ್ಥದಲ್ಲಿ. ನನಗೆ ಕೇಳಿಸಿದ್ದು ಬೇರೆ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯನ್ನು ನಿಯಮವೆಂದು ಹೇಳದೆ ತತ್ವವೆಂದು ವಿವರಿಸುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎನ್ನುತ್ತಾರೆ. ಆದ್ದರಿಂದ ಬೆಳೆ ಉಳಿಸಿಕೊಳ್ಳಲು ಇಲಿ ಹೊಡೆಯುವ ರೈತನಿಗೆ ನಾನು ಪಾಪದ ಲೆಕ್ಕ ಹೇಳುವವನಲ್ಲ. ಇಲಿಜ್ವರ ಸುಳ್ಳಲ್ಲ. ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವ ನಮ್ಮವರಿಗೇ ಅದರ ಅಪಾಯ ಹೆಚ್ಚು. ಅವ್ವನ ಹಾರೆಯಲ್ಲೂ ಕೊಲ್ಲುವ ಇಚ್ಛೆ ಇರಲಿಲ್ಲ, ಹಸಿವಿತ್ತು. ನನ್ನ ಗಮ್ ಬೋರ್ಡಿನಲ್ಲಿ ಹಸಿವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಸಿಂಕಿನ ಪೈಪ್ ಪಕ್ಕದ ತೂತಿಗೆ ಸಿಮೆಂಟು ಮೆತ್ತಿ, ಅಕ್ಕಿಯನ್ನು ಮುಚ್ಚಳದ ಡ್ರಮ್ಮಿಗೆ ಸುರಿದ ಮೇಲೆ ಇಲಿ ಬರಲೇ ಇಲ್ಲ. ಅರ್ಧ ಗಂಟೆಯ ಕೆಲಸ. ಅದನ್ನು ಮಾಡಲು ನನಗೆ ಅಸಡ್ಡೆ, ಅಷ್ಟೇ. 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲಿನ ದಯೆ. ಅದನ್ನು ಎಷ್ಟು ಸಭೆಗಳಲ್ಲಿ ನಾನೇ ಓದಿಸಿದ್ದೇನೆ!

2011ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಒಂದು ಇಲಿಯನ್ನು ಕೊಳವೆಯಲ್ಲಿ ಸಿಕ್ಕಿಸಿ, ಅದರ ಜೊತೆಗಾರನನ್ನು ಹೊರಗೆ ಬಿಟ್ಟರು. ಹೊರಗಿನದು ಬಾಗಿಲು ತೆರೆಯಲು ಕಲಿತು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟ್ ತುಂಬಿದ ಇನ್ನೊಂದು ಕೊಳವೆ ಇಟ್ಟರೂ ಎರಡನ್ನೂ ತೆರೆದು, ಬಹಳ ಸಲ ಚಾಕೊಲೇಟನ್ನು ಹಂಚಿಕೊಂಡಿತು. ಗೆಳೆಯನನ್ನು ಬಿಡಿಸುವ ಇಲಿಗೆ ಧಮ್ಮ ಯಾರು ಬೋಧಿಸಿದರೋ.

ಬುದ್ಧಪೂರ್ಣಿಮೆಯ ದಿನ ಬೆಳ್ಳಿ, ಅರಳೆಯನ್ನು ಹೊಲಕ್ಕೆ ಬಿಟ್ಟುಬಿಡಿ, ಬಂಧಮುಕ್ತ ಮಾಡಿದ ಹಾಗಾಗುತ್ತದೆ ಎಂದು ಬಳಗದ ಹಿರಿಯರೊಬ್ಬರು ಸಲಹೆ ಕೊಟ್ಟಿದ್ದಾರೆ. ಕ್ಷಮಿಸಿ ಅಣ್ಣಾ, ಅದಾಗದು. ಪಂಜರದಲ್ಲೇ ಹುಟ್ಟಿ ಬೆಳೆದ ಬಿಳಿ ಇಲಿ ಬಯಲಿನಲ್ಲಿ ಕಾಗೆಗೋ ಬೆಕ್ಕಿಗೋ ಒಂದೇ ದಿನದ ತುತ್ತು. ಪಂಜರ ಸರಿಯೆಂದು ನಾನು ಹೇಳುತ್ತಿಲ್ಲ. ಹೊಸದಾಗಿ ಅಂಗಡಿಯಿಂದ ಕೊಂಡು ತರಬೇಡಿ ಎಂದೇ ಹೇಳುತ್ತೇನೆ. ಮನೆಗೆ ಬಂದುಬಿಟ್ಟವನ್ನು ಮಾತ್ರ ಕೊನೆಯವರೆಗೆ ನೋಡಿಕೊಳ್ಳಬೇಕು. ದಿನಾ ಸಂಜೆ ಒಂದು ಗಂಟೆ ಕೋಣೆಯ ಬಾಗಿಲು ಹಾಕಿ ಹೊರಗೆ ಬಿಡುತ್ತೇವೆ.

ಅರಳೆಗೆ ಈಗ ಎದೆಯ ಕೆಳಗೆ ಗಡ್ಡೆಯಾಗಿದೆ. ಹೆಣ್ಣಿಲಿಗಳಿಗೆ ವಯಸ್ಸಾದಾಗ ಇದು ಸಾಮಾನ್ಯವಂತೆ. ನಡೆಯಲು ತ್ರಾಸ. ಮೊನ್ನೆ ಶಾಲೆಯಿಂದ ಬಂದಾಗ ಅವ್ವ ಪಂಜರದ ಮುಂದೆ ಕುಳಿತು, ಮೆತ್ತಗೆ ಬೇಯಿಸಿದ ಅನ್ನವನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು. ನನ್ನನ್ನು ಕಂಡು, "ಇವರ ಮನೆ ಭತ್ತ ಎಷ್ಟು ವರ್ಷ ತಿಂದಿದ್ದೀವಿ ಕಣ್ಲಾ" ಎಂದಳು.

ಭಾನುವಾರದ ಓದಿಗೆ ಮಹಾವಗ್ಗದ ಆ ರೋಗಿಯ ಪ್ರಸಂಗವನ್ನೇ ಇಟ್ಟುಕೊಳ್ಳೋಣ. ಪುಸ್ತಕ ಇದ್ದವರು ತನ್ನಿ, ಇಲ್ಲದವರಿಗೆ ನಾನು ಜೆರಾಕ್ಸ್ ತರುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏