ಒಂದು ಅಂಗಳ, ಎಷ್ಟು ಕಾರು?



ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು ಕೊಳ್ಳುವ ವ್ಯಾಪಾರಿ ಮೊದಲು ತನ್ನ ಗೋದಾಮಿನ ಜಾಗ ನೋಡುತ್ತಾನೆ. ಹಳೆಯ ಕಾರುಗಳ ಪ್ರೇಮಿ ಮಾತ್ರ ಈ ಲೆಕ್ಕ ಮರೆಯುತ್ತಾನೆ. ಅಂಗಳದಲ್ಲಿ ಬಿಚ್ಚಿಟ್ಟ ಅಂಬಾಸಿಡರ್ ಇರುವಾಗಲೇ ಫಿಯಟ್ ಒಂದು ಬಂದು ಸೇರುತ್ತದೆ. "ನಾನು ಕೊಳ್ಳದಿದ್ದರೆ ಗುಜರಿಗೆ ಹೋಗುತ್ತಿತ್ತು" ಎಂಬುದು ಅವನ ಸಮಾಧಾನ.

ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಆದರೆ ಮಳೆಗೆ ತಗಡು ತುಕ್ಕು ಹಿಡಿಯುತ್ತದೆ, ರಬ್ಬರು ಬಿರಿಯುತ್ತದೆ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗುತ್ತದೆ. ನಮ್ಮ ಅಂಗಳದಲ್ಲಿ ನಿಧಾನವಾಗಿ ಹಾಳಾಗುವುದೂ ಗುಜರಿಯೇ. ಮೇಲಾಗಿ, ರಿಪೇರಿ ಮಾಡಬಲ್ಲ ಇನ್ನೊಬ್ಬನ ಕೈಗೂ ಅದು ಸಿಗದು. ಇದು ಉಳಿಸುವುದೋ, ಹಿಡಿದಿಟ್ಟುಕೊಳ್ಳುವುದೋ?

2021ರ ನಿಯಮದಂತೆ 50 ವರ್ಷ ದಾಟಿದ ವಿಂಟೇಜ್ ವಾಹನದ ಹೊಸ ನೋಂದಣಿಗೇ 20,000 ರೂಪಾಯಿ. ಹಣವನ್ನಾದರೂ ಮತ್ತೆ ದುಡಿಯಬಹುದು. ಭಾನುವಾರಗಳನ್ನು? ಅವು ಹೆಂಡತಿ ಮಕ್ಕಳ ಪಾಲು. ಅವರನ್ನು ಕೇಳದೆಯೇ ನಾವು ಖರ್ಚು ಮಾಡುತ್ತೇವೆ.

ಲೂಕನ ಶುಭಸಂದೇಶದಲ್ಲಿ ಗೋಪುರ ಕಟ್ಟಹೊರಟವನ ಸಾಮತಿಯಿದೆ. ಅಲ್ಲಿ ನಗೆಪಾಟಲಾಗುವುದು ಬಡತನವಲ್ಲ, ಲೆಕ್ಕ ಹಾಕದೆ ಕೈಹಾಕಿದ ಆತುರ.

ಹಾಗಾದರೆ ಎಷ್ಟು ಕಾರು? ಮೊದಲನೆಯದು ರಸ್ತೆಗಿಳಿಯುವವರೆಗೆ ಒಂದೇ. ಎರಡನೆಯದಕ್ಕೆ ಮುಂಗಡ ಕೊಡುವ ಮುನ್ನ ಮನೆಯವರನ್ನು ಕೇಳಿ. ಬಲ್ಲವನಿಗೆ ಬಿಟ್ಟುಕೊಡುವುದೂ ಪ್ರೀತಿಯೇ ಅಲ್ಲವೇ?